ಬಾಣಂತನಕ್ಕೆ ತವರಿಲ್ಲ, ಬೆಂಗಳೂರಲ್ಲಿ ಮನೆಗೆ ಬಂದು ನೋಡೋರು ಯಾರಾದರೂ ಇದ್ದಾರಾ?

ಏಳನೇ ತಿಂಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪೋಸ್ಟ್, ಉದ್ದ ಆದರೆ ಬೈಕೋಬೇಡಿ. ನನಗೀಗ ಏಳು ತಿಂಗಳು. ಥಣಿಸಂದ್ರದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೇವೆ, ಹನ್ನೊಂದನೇ ಮಹಡಿ. ಅಮ್ಮ ತೀರಿಕೊಂಡು ಮೂರು ವರ್ಷ ಆಯಿತು. ಅತ್ತೆ ಹಾಸನದಲ್ಲಿದ್ದಾರೆ, ಮಂಡಿ ನೋವು ಜಾಸ್ತಿ. "ನಾನು ಬಂದರೆ ನನಗೇ ನೀವು ಬಾಣಂತನ ಮಾಡಬೇಕಾಗುತ್ತೆ" ಅಂತ ಪಾಪ ಅವರೇ ನಗುತ್ತಾರೆ. ಇವರಿಗೆ ಆಫೀಸಲ್ಲಿ ಕೊಡೋದು ಐದು ದಿನ ರಜೆ.

ಆಸ್ಪತ್ರೆ ಬಗ್ಗೆ ನನಗೆ ಚಿಂತೆ ಇಲ್ಲ. ಖಾಸಗಿ ಆಸ್ಪತ್ರೆ, ಡಾಕ್ಟರ್ ಒಳ್ಳೆಯವರು. ಭಯ ಇರೋದು ಮನೆಗೆ ಬಂದ ಮೇಲಿಂದು. ಲಿಫ್ಟಲ್ಲಿ ಮೇಲೆ ಬಂದು ಬಾಗಿಲು ಹಾಕಿಕೊಂಡರೆ ಒಳಗೆ ನಾವಿಬ್ಬರು ಮತ್ತು ಒಂದು ಕೂಸು. ನನ್ನ ಜೀವಮಾನದಲ್ಲಿ ಒಂದು ತಿಂಗಳೊಳಗಿನ ಮಗುವನ್ನು ನಾನು ಎತ್ತಿಕೊಂಡೇ ಇಲ್ಲ, ನಿಜ ಹೇಳುತ್ತಿದ್ದೇನೆ. ಅತ್ತರೆ ಅದು ಹಸಿವೋ ಹೊಟ್ಟೆನೋವೋ ಅಂತ ಹೇಳೋರು ಯಾರು?

ಬಾಣಂತನಕ್ಕೆ ಆಯಾ ಕಳಿಸುವ ಏಜೆನ್ಸಿಗೆ ಫೋನ್ ಮಾಡಿದೆ. ತಿಂಗಳಿಗೆ ನನ್ನ ಸಂಬಳದ ಅರ್ಧಕ್ಕಿಂತ ಜಾಸ್ತಿ ಕೇಳಿದರು. ಇಂಗ್ಲೆಂಡಿನಲ್ಲಿರುವ ಗೆಳತಿಗೆ ಹೆರಿಗೆ ಆಗಿ ಎರಡು ವಾರ ಆಗೋದರೊಳಗೆ ಹೆಲ್ತ್ ವಿಸಿಟರ್ ಅಂತ ಒಬ್ಬರು ಮನೆಗೇ ಬಂದರಂತೆ, ಶ್ರೀಮಂತರು ಬಡವರು ಅಂತಿಲ್ಲ, ಎಲ್ಲರ ಮನೆಗೂ ಬರುತ್ತಾರಂತೆ. ನಮ್ಮಲ್ಲಿ ಅಂಥದ್ದು ಏನಾದರೂ ಇದೆಯಾ? ಇದ್ದರೆ ನಮ್ಮಂಥವರಿಗೂ ಸಿಗುತ್ತಾ?

ದಾಸರಹಳ್ಳಿ ಅಮ್ಮ

ಇದೆ ಕಣ್ರೀ. ಆಶಾ ಅಂತ, ಮನೆ ಮನೆಗೆ ಬರೋ ಸರ್ಕಾರದ ಆರೋಗ್ಯ ಕಾರ್ಯಕರ್ತೆಯರು. ನಿಮಗೆ ಗೊತ್ತಿಲ್ಲದೇ ಇರೋದು ನೋಡಿ ಆಶ್ಚರ್ಯ ಆಯಿತು, ಆಮೇಲೆ ಯೋಚನೆ ಮಾಡಿದರೆ ಆಶ್ಚರ್ಯ ಏನೂ ಇಲ್ಲ ಅನ್ನಿಸಿತು. ನಮ್ಮದು ಎರಡು ಕೋಣೆಯ ವಠಾರದ ಮನೆ. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು, ಡಿಸ್ಚಾರ್ಜ್ ಮಾಡಿ ಸರ್ಕಾರದ ನಗು-ಮಗು ಗಾಡಿಯಲ್ಲಿ ಮನೆಗೆ ಬಿಟ್ಟರು, ದುಡ್ಡು ತಗೊಂಡಿಲ್ಲ. ಮಾರನೇ ದಿನ ಬೆಳಿಗ್ಗೆಯೇ ನಮ್ಮ ಆಶಾ ಅಕ್ಕ ತಕ್ಕಡಿ ಹಿಡಿದು ಬಂದರು. ಮತ್ತೆ ಏಳನೇ ದಿನ, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ಕೊನೆಗೆ ನಲವತ್ತೆರಡನೇ ದಿನ. ಒಂದು ಸಲ ಮಳೆ ಅಂತ ಬರಲಿಲ್ಲ, ಮರುದಿನ ಬಂದರು.

ನೀವು ಮೊದಲು ತಾಯಿ ಕಾರ್ಡ್ ಮಾಡಿಸಿದ್ದೀರಾ? ಅದೇ, ಗರ್ಭಿಣಿಯರ ಆರೋಗ್ಯದ ವಿವರ ಬರೆಯೋ ಸರ್ಕಾರಿ ಕಾರ್ಡ್.

ಏಳನೇ ತಿಂಗಳು

ಇಲ್ಲ ಅಕ್ಕ. ಆಸ್ಪತ್ರೆಯವರದ್ದೇ ಫೈಲ್ ಇದೆ. ತಾಯಿ ಕಾರ್ಡ್ ಅಂದರೆ ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೆ ಅಂದುಕೊಂಡಿದ್ದೆ.

ಗುಲಾಬಿ ಸೀರೆ

ನಾನು ಆಶಾ ಕಾರ್ಯಕರ್ತೆ. ಉತ್ತರ ಬೆಂಗಳೂರಿನಲ್ಲೇ, ಆದರೆ ನಿಮ್ಮ ಏರಿಯಾ ಅಲ್ಲ. ಹೆಸರು ಹಾಕಲ್ಲ, ಕೆಲಸಕ್ಕೆ ತೊಂದರೆ ಬೇಡ.

ಮೇಡಂ, ತಾಯಿ ಕಾರ್ಡ್ ಎಲ್ಲ ಗರ್ಭಿಣಿಯರಿಗೂ. ಹೆರಿಗೆ ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಿ. ನಿಮಗೆ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಸರ್ಕಾರದ "ನಮ್ಮ ಕ್ಲಿನಿಕ್"ಗೆ ಹೋಗಿ, ಆಧಾರ್ ಮತ್ತು ಸ್ಕ್ಯಾನಿಂಗ್ ರಿಪೋರ್ಟ್ ತಗೊಂಡು ಹೋಗಿ, ಅಲ್ಲಿನ ಎಎನ್ಎಂ ಸಿಸ್ಟರ್ (ನರ್ಸ್) ಹತ್ತಿರ ನಿಮ್ಮ ಬೀದಿಗೆ ಯಾವ ಆಶಾ ಅಂತ ಕೇಳಿ ಅವರ ನಂಬರ್ ತಗೊಳ್ಳಿ. ಎಂಟನೇ ತಿಂಗಳಿಗೆ ಕಾಯಬೇಡಿ.

ಈಗ ಅಪಾರ್ಟ್‌ಮೆಂಟ್ ವಿಷಯ. ನಾವು ಬರಲ್ಲ ಅಂತಲ್ಲ. ನಮ್ಮನ್ನು ಒಳಗೆ ಬಿಡಲ್ಲ. ಗೇಟಿನಲ್ಲಿ ಸೆಕ್ಯೂರಿಟಿ ಕೇಳುತ್ತಾನೆ, ಯಾವ ಫ್ಲಾಟ್? ಯಾವ ಫ್ಲಾಟಿನಲ್ಲಿ ಗರ್ಭಿಣಿ ಇದ್ದಾರೆ, ಯಾವ ಫ್ಲಾಟಿನಲ್ಲಿ ಕೂಸಿದೆ ಅಂತ ತಿಳಿದುಕೊಳ್ಳೋಕೇ ನಾನು ಬಂದಿರೋದು, ಫ್ಲಾಟ್ ನಂಬರ್ ಎಲ್ಲಿಂದ ಹೇಳಲಿ? ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಂತು ವಾಪಸ್ ಬಂದಿದ್ದೇನೆ. ಪೋಲಿಯೋ ಭಾನುವಾರ ಮಾತ್ರ ಅದೇ ಗೇಟು ತೆಗೆಯುತ್ತೆ, ಅವತ್ತು ಕಾಫಿ ಕೂಡ ಕೊಡುತ್ತಾರೆ.

ನಾವು ಏನು ಮಾಡುತ್ತೇವೆ ಅಂತಾನೂ ಹೇಳಿಬಿಡುತ್ತೇನೆ, ಯಾಕೆಂದರೆ ಆಶಾ ಅಂದರೆ ಮಾತ್ರೆ ಹಂಚುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಮಗುವನ್ನು ಜೋಲಿ ತಕ್ಕಡಿಯಲ್ಲಿ ತೂಗುತ್ತೇವೆ. ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತೇವೆ. ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತೇವೆ. ಹೊಕ್ಕುಳು ಒಣಗಿದೆಯಾ, ಕೀವು ಇದೆಯಾ ನೋಡುತ್ತೇವೆ. ತಾಯಿಗೆ ರಕ್ತಸ್ರಾವ ಜಾಸ್ತಿ ಇದೆಯಾ, ಜ್ವರ ಇದೆಯಾ, ಹಾಲು ಕುಡಿಸುವುದು ಹೇಗೆ ಅಂತ ಎದುರಲ್ಲೇ ಕೂತು ನೋಡುತ್ತೇವೆ. ಎಲ್ಲ ಫಾರಂನಲ್ಲಿ ತುಂಬಬೇಕು. ಆರೂ ಭೇಟಿ ಮುಗಿಸಿ ಫಾರಂ ಕೊಟ್ಟರೆ 250 ರೂಪಾಯಿ. ಒಂದು ಭೇಟಿಗಲ್ಲ, ಆರಕ್ಕೂ ಸೇರಿ. ಮೂರನೇ ತಿಂಗಳಿಂದ ಹದಿನೈದನೇ ತಿಂಗಳವರೆಗೆ ಮೂರು ತಿಂಗಳಿಗೊಂದು ಸಲ ಇನ್ನೂ ಐದು ಭೇಟಿ ಇದೆ, ಅದಕ್ಕೆ ತಲಾ 50. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದೆವಲ್ಲ, ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಗೌರವಧನ ಕೊಡಿ ಅಂತ, ಆಗ ಟಿವಿಯಲ್ಲಿ ನಮ್ಮ ಸೀರೆ ಬಣ್ಣ ನೋಡಿರುತ್ತೀರ.

ಸಿ ಬ್ಲಾಕ್ ಕಾರ್ಯದರ್ಶಿ

ಮೇಡಂ ನಿಮ್ಮ ಬಗ್ಗೆ ಗೌರವ ಇದೆ. ಆದರೆ ನಮ್ಮ ಕಷ್ಟಾನೂ ಕೇಳಿ. ನಾನು ಒಂದು ಅಸೋಸಿಯೇಷನ್ ನೋಡಿಕೊಳ್ಳುತ್ತೇನೆ, 340 ಮನೆ. ಸರ್ವೆ ಅಂತ, ನೀರಿನ ಫಿಲ್ಟರ್ ಚೆಕ್ ಅಂತ, ಗ್ಯಾಸ್ ಅಂತ ದಿನಕ್ಕೆ ಎಷ್ಟು ಜನ ಬರುತ್ತಾರೆ ಗೊತ್ತಾ? ಒಬ್ಬರನ್ನು ಬಿಟ್ಟು ಏನಾದರೂ ಕಳುವಾದರೆ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮಾನ ಹರಾಜು. ಗಾರ್ಡ್‌ಗಳಿಗೆ ಕನ್ನಡ ಬರಲ್ಲ, ಆಶಾ ಅಂದರೆ ಯಾರದೋ ಹೆಸರು ಅಂದುಕೊಳ್ಳುತ್ತಾರೆ. "ಆಶಾ ಮೇಡಂ ಕೌನ್ಸಾ ಫ್ಲಾಟ್" ಅಂತ ನನಗೇ ಫೋನ್ ಮಾಡಿದ್ದಾನೆ ಒಬ್ಬ.

ಗುಲಾಬಿ ಸೀರೆ

ಸರ್, ಗುರುತಿನ ಚೀಟಿ ಇದೆ. ತೋರಿಸಿದರೂ ಬಿಡಲ್ಲ. ಅದನ್ನು ಯಾರು ನೋಡಬೇಕು, ನೀವೋ ಗಾರ್ಡೋ?

ಸಿ ಬ್ಲಾಕ್ ಕಾರ್ಯದರ್ಶಿ

ಅದು ಸರಿ. ಆರೋಗ್ಯ ಕೇಂದ್ರದಿಂದ ಒಂದು ಪತ್ರ, ಹೆಸರು ಫೋಟೋ ಸಮೇತ ಕೊಟ್ಟರೆ ಗೇಟಿನಲ್ಲಿ ಅಂಟಿಸಿಬಿಡುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ಜಯನಗರದ ಅಜ್ಜಿ

ಮಗಳೇ, ಗಾಬರಿ ಆಗಬೇಡ. ಮೂರು ಹೆತ್ತಿದ್ದೇನೆ, ಐದು ಮೊಮ್ಮಕ್ಕಳಿಗೆ ನೀರು ಹಾಕಿದ್ದೇನೆ. ಮಗುವಿಗೆ ದಿನಾ ಹರಳೆಣ್ಣೆ ಹಚ್ಚಿ ಬಿಸಿನೀರು ಎರೆದು ಸಾಂಬ್ರಾಣಿ ಹೊಗೆ ಕೊಡು, ನಿದ್ದೆ ಮಾಡುತ್ತೆ. ಹೊಟ್ಟೆ ಉಬ್ಬರಿಸಿದರೆ ಬಜೆ ಸುಟ್ಟು ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸು. ನಮ್ಮ ಕಡೆ ಕತ್ತೆ ಹಾಲಿನವನು ಈಗಲೂ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಾನೆ, ಒಂದು ಚಮಚ ಹಾಕಿದರೆ ಶೀತ ಹತ್ತಿರ ಬರಲ್ಲ.

ನಿನಗೆ ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಹುರಿದು ತುಪ್ಪದಲ್ಲಿ ಅನ್ನ. ನೀರು ಜಾಸ್ತಿ ಕುಡಿಯಬಾರದು.

ನರ್ಸಕ್ಕ

ಅಜ್ಜಿ, ಸೊಪ್ಪು ಬೆಳ್ಳುಳ್ಳಿಗೆ ನನ್ನದೇನೂ ತಕರಾರಿಲ್ಲ, ನಾನೂ ತಿಂದಿದ್ದೇನೆ. ಉಳಿದದ್ದಕ್ಕೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಹೆರಿಗೆ ವಾರ್ಡಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೇನೆ.

ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾವನ್ನು ಕೂಸಿನ ಕರುಳು ತಡೆಯಲಾರದು. ಬಜೆ, ಕತ್ತೆ ಹಾಲು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ, ಆರು ತಿಂಗಳು ಎದೆಹಾಲು ಮಾತ್ರ. ಬೇಸಿಗೆಯಲ್ಲೂ ಬೇರೆ ನೀರು ಬೇಡ. ಹೊಗೆ ದಯವಿಟ್ಟು ಬೇಡ, ಆ ಪುಟ್ಟ ಶ್ವಾಸಕೋಶಕ್ಕೆ ಅದು ಹೊಗೆಯೇ, ಸಾಂಬ್ರಾಣಿ ಆದರೇನು ಸಿಗರೇಟ್ ಆದರೇನು. ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡಿ. ಕಣ್ಣಿಗೆ ಕಾಡಿಗೆ ಬೇಡ, ದೃಷ್ಟಿ ಬೊಟ್ಟು ಬೇಕೇ ಬೇಕು ಅಂದರೆ ಅಂಗಾಲಿಗೆ ಇಡಿ. ಬಾಣಂತಿ ಹೊಟ್ಟೆ ತುಂಬಾ ನೀರು ಕುಡಿಯಬೇಕು, ಹಾಲು ಬರಬೇಕಲ್ಲ.

ಏಳನೇ ತಿಂಗಳು ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅತ್ತರೆ ಏನು ಅಂತ ಯಾರು ಹೇಳೋರು ಅಂದಿರಲ್ಲ. ಅಳುವ ಮಗುವಿನ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಅಳದೇ ಸುಮ್ಮನೆ ಮಲಗಿರುವ, ಎಬ್ಬಿಸಿದರೂ ಹಾಲಿಗೆ ಬಾಯಿ ಹಾಕದ ಮಗುವಿಗೆ ಭಯ ಪಡಿ. ಮುಟ್ಟಿದರೆ ಬೆಂಕಿ ಥರ ಬಿಸಿ ಇದ್ದರೆ ಅಥವಾ ಕೈಕಾಲು ಹೊಟ್ಟೆ ಎಲ್ಲ ತಣ್ಣಗಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಜಾಸ್ತಿ ಇದ್ದರೆ (ಮತ್ತೊಮ್ಮೆ ಎಣಿಸಿ ಖಾತ್ರಿ ಮಾಡಿಕೊಳ್ಳಿ), ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲಿನವರೆಗೆ ಹಳದಿ ಇಳಿದಿದ್ದರೆ, ರಾತ್ರಿ ಎರಡು ಗಂಟೆ ಆಗಿದ್ದರೂ ಆಸ್ಪತ್ರೆಗೆ. ಬೆಳಗಾಗಲಿ ಅನ್ನಬೇಡಿ. ಹಾಲು ಸಾಕಾಗುತ್ತಿದೆಯಾ ಅನ್ನೋದಕ್ಕೆ ಒಂದು ಸುಲಭದ ಲೆಕ್ಕ: ಐದಾರು ದಿನದ ಮೇಲೆ ದಿನಕ್ಕೆ ಆರು ಸಲ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದರೆ ಸಾಕಾಗುತ್ತಿದೆ.

ಮೊದಲ ವಾರ ತೂಕ ಇಳಿಯುತ್ತೆ. ಹತ್ತು ಭಾಗದಲ್ಲಿ ಒಂದು ಭಾಗದವರೆಗೂ ಇಳಿಯಬಹುದು, ಎರಡು ವಾರದೊಳಗೆ ವಾಪಸ್ ಬರಬೇಕು. ಇದು ಗೊತ್ತಿಲ್ಲದೇ ನಾಲ್ಕನೇ ದಿನ ತೂಕ ನೋಡಿ "ನನಗೆ ಹಾಲೇ ಇಲ್ಲ" ಅಂತ ಡಬ್ಬಿ ಹಾಲು ಶುರು ಮಾಡಿದವರನ್ನು ಎಷ್ಟು ನೋಡಿದ್ದೇನೋ. ಡಬ್ಬಿ ಹಾಲಿನ ಜಾಹೀರಾತು, ಫ್ರೀ ಸ್ಯಾಂಪಲ್ ಎಲ್ಲ 1992ರ ಕಾನೂನಿನಲ್ಲೇ ನಿಷೇಧ ಆಗಿದೆ, ಆದರೆ ಅಕ್ಕಪಕ್ಕದವರ ಸಲಹೆಗೆ ನಿಷೇಧ ಇಲ್ಲವಲ್ಲ.

ಜಯನಗರದ ಅಜ್ಜಿ

ನನ್ನ ಮೂರೂ ಮಕ್ಕಳು ಬಜೆ ತಿಂದೇ ಇಂಜಿನಿಯರ್ ಆಗಿದ್ದಾರೆ. ಹೋಗಲಿ ಬಿಡಮ್ಮ, ಕಾಲ ಬೇರೆ, ನೀನು ಓದಿದವಳು.

ಆದರೆ ಒಂದು ಮಾತು ಹೇಳುತ್ತೇನೆ. ನಮ್ಮ ಕಾಲದಲ್ಲಿ ಬಸವನಗುಡಿಯಲ್ಲಿ ನೀರು ಹಾಕೋಕೆ ಅಂತಾನೇ ಒಬ್ಬಳು ಬರುತ್ತಿದ್ದಳು. ದಿನಾ ಬೆಳಿಗ್ಗೆ, ನಲವತ್ತು ದಿನ. ಮಗುವಿಗೆ ಹಾಕಿದ ಮೇಲೆ ಬಾಣಂತಿಗೆ. ಬಚ್ಚಲಲ್ಲಿ ಅವಳ ಮುಂದೆ ಮುಚ್ಚುಮರೆ ಎಲ್ಲಿ? ಎದೆ ಕಟ್ಟಿಕೊಂಡಿದ್ದರೆ ಅವಳ ಕೈಗೆ ಗೊತ್ತಾಗುತ್ತಿತ್ತು, ಕಾಲು ಬಾತಿದ್ದರೆ ಗೊತ್ತಾಗುತ್ತಿತ್ತು, ರಾತ್ರಿ ಅತ್ತಿದ್ದರೆ ಅದೂ ಗೊತ್ತಾಗುತ್ತಿತ್ತು. ಹೊರಗೆ ಬಂದು ನಮ್ಮ ಅತ್ತೆಗೆ ನೇರವಾಗಿ ಹೇಳುತ್ತಿದ್ದಳು, "ಅಮ್ಮಾವ್ರೇ ಹುಡುಗಿಗೆ ಹೊಟ್ಟೆಗೆ ಸರಿಯಾಗಿ ಹಾಕ್ತಾ ಇಲ್ಲ ನೀವು". ಅತ್ತೆ ಮುಂದೆ ಹಾಗೆ ಮಾತಾಡೋ ಧೈರ್ಯ ಆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ನೀವು ಎಣ್ಣೆ ಬೇಡ ಹೊಗೆ ಬೇಡ ಅಂತ ಎಲ್ಲ ತೆಗೆದಿರಿ, ಸರಿ. ಆ ಹೆಂಗಸನ್ನೂ ಅದರ ಜೊತೆಗೆ ತೆಗೆದುಬಿಟ್ಟಿರಿ.

ನರ್ಸಕ್ಕ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಜ್ಜಿ. ಒಪ್ಪಿದೆ.

ಗುಬ್ಬಿ ಹುಡುಗ

ಅಜ್ಜಿ ಪೋಸ್ಟಿಗೆ ನೂರು ಲೈಕ್. ಸೂಲಗಿತ್ತಿ ನರಸಮ್ಮ ಅವರು ನೆನಪಾದರು. ನಮ್ಮ ತುಮಕೂರು ಜಿಲ್ಲೆ ಪಾವಗಡದವರು, ಸಾವಿರಾರು ಹೆರಿಗೆ ಮಾಡಿಸಿ ಒಂದು ಕಾಸು ಮುಟ್ಟಿದವರಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಲ್ಲಿ ಇಲ್ಲೇ ಬೆಂಗಳೂರಲ್ಲಿ ತೀರಿಕೊಂಡರು.

ಮಗಳಪ್ಪ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಜ್ಜಿ ಬರೆದದ್ದು ಓದಿದ ಮೇಲೆ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಹೇಳಿಯೇ ಬರೆಯುತ್ತಿದ್ದೇನೆ.

ನಮ್ಮದು ಜಾಲಹಳ್ಳಿ. ಎರಡು ವರ್ಷದ ಹಿಂದೆ ಮಗಳು ಹುಟ್ಟಿದಳು. ಒಳ್ಳೆಯ ಆಸ್ಪತ್ರೆ, ನಾರ್ಮಲ್ ಹೆರಿಗೆ, ಮಗು 3 ಕೆಜಿ. ನನ್ನ ಅಮ್ಮ ಬಂದಿದ್ದರು, ಅಡಿಗೆಯವರಿದ್ದರು, ಏನೂ ಕೊರತೆ ಇರಲಿಲ್ಲ. ಪ್ರತಿ ಸಲ ಚೆಕಪ್‌ಗೆ ಹೋದಾಗಲೂ ಮಗುವಿನ ತೂಕ ಏರುತ್ತಿತ್ತು, ಡಾಕ್ಟರ್ ವೆರಿ ಗುಡ್ ಅನ್ನುತ್ತಿದ್ದರು, ನಾನು ಆ ಚಾರ್ಟನ್ನು ಫೋಟೋ ತೆಗೆದು ಸ್ಟೇಟಸ್ ಹಾಕುತ್ತಿದ್ದೆ. ಅದೇ ರೂಮಿನಲ್ಲಿ ಅದೇ ಕುರ್ಚಿಯಲ್ಲಿ ಇವಳು ಕೂತಿರುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ, ನನ್ನನ್ನೂ ಸೇರಿಸಿ.

ಮೂರನೇ ವಾರದಿಂದ ಮಾತು ಕಮ್ಮಿ ಆಯಿತು. ಮಗು ಮಲಗಿದಾಗಲೂ ಇವಳಿಗೆ ನಿದ್ದೆ ಇಲ್ಲ. ಅಮ್ಮ "ಬಾಣಂತಿ ಸನ್ನಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ" ಅಂದರು. ನಾನು ಸುಸ್ತು ಅಂದುಕೊಂಡೆ. ಒಂದು ದಿನ ನಮ್ಮ ಬೀದಿಯ ಅಂಗನವಾಡಿ ಟೀಚರ್ ಯಾವುದೋ ಪಟ್ಟಿ ಬರೆದುಕೊಳ್ಳೋಕೆ ಬಂದರು. ಮಗುವನ್ನು ನೋಡಲೇ ಇಲ್ಲ ಅವರು, ಸೀದಾ ಇವಳ ಪಕ್ಕ ಕೂತು ನಿದ್ದೆ ಬರುತ್ತಾ ಪುಟ್ಟಾ ಅಂತ ಕೇಳಿದರು. ಇವಳು ಅರ್ಧ ಗಂಟೆ ಅತ್ತಳು. ಮಗುವನ್ನು ಬಾಲ್ಕನಿ ಹತ್ತಿರ ಎತ್ತಿಕೊಂಡು ಹೋಗೋಕೆ ಭಯ ಆಗುತ್ತೆ, ಕೈ ಏನು ಮಾಡಿಬಿಡುತ್ತೋ ಅನ್ನಿಸುತ್ತೆ ಅಂತ ಅವರಿಗೆ ಹೇಳಿದಳು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ಟೀಚರ್ ಹೊರಗೆ ಬಂದು ನಾಳೆಯೇ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಅಂದರು. ಹೋದೆವು. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ ಇದೆ, 2009ರಿಂದ ನಡೆಯುತ್ತಿದೆ. ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ, ಎಷ್ಟೋ ಸಲ ಡೈರಿ ಸರ್ಕಲ್ ದಾಟಿ ಆ ಗೇಟಿನ ಮುಂದೆಯೇ ಆಫೀಸಿಗೆ ಹೋಗಿದ್ದೇನೆ. ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಇವಳಿಗೆ ಇದ್ದ ಭಯ ಅಲ್ಲೇ ಅರ್ಧ ಹೋಯಿತು. ಮಾತ್ರೆ ಕೊಟ್ಟರು, ಹಾಲು ಕುಡಿಸೋಕೆ ತೊಂದರೆ ಇಲ್ಲದ್ದನ್ನು ನೋಡಿ ಕೊಟ್ಟರು. ಈಗ ಚೆನ್ನಾಗಿದ್ದಾಳೆ. ಈ ಪೋಸ್ಟಿನ ಕಾಗುಣಿತ ತಿದ್ದಿದ್ದೂ ಅವಳೇ.

ನರ್ಸಕ್ಕ

ಬರೆದಿದ್ದಕ್ಕೆ ಥ್ಯಾಂಕ್ಸ್ ಸರ್. ಮೊದಲ ವಾರದಲ್ಲಿ ಸುಮ್ಸುಮ್ನೆ ಅಳು ಬರೋದು ತುಂಬಾ ಜನಕ್ಕೆ ಆಗುತ್ತೆ, ತಾನಾಗೇ ಹೋಗುತ್ತೆ. ಎರಡು ವಾರ ದಾಟಿಯೂ ಹೋಗದಿದ್ದರೆ, ಮಗುವಿಗೆ ಅಥವಾ ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ್ದು ಕಾಣಿಸಿದರೆ ಕೇಳಿಸಿದರೆ, ಆಮೇಲೆ ನೋಡೋಣ ಅನ್ನಬೇಡಿ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಫೋನಲ್ಲಿ ಕೂರಬೇಡಿ, ಸೀದಾ ಆಸ್ಪತ್ರೆ.

ನಿವೃತ್ತ ಟೀಚರ್

ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ. ಮಗಳಪ್ಪ ಅವರೇ, ನಿಮ್ಮ ಟೀಚರ್ ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ. 1975ರಲ್ಲಿ ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾಗಿದ್ದು ತಿ. ನರಸೀಪುರದಲ್ಲಿ. ಮನೆ ಭೇಟಿ ಮೊದಲಿಂದಲೂ ನಮ್ಮ ಕೆಲಸದ ಪಟ್ಟಿಯಲ್ಲೇ ಇದೆ. ಈಗ ಮೊಬೈಲಲ್ಲಿ ಫೋಟೋ ಹಾಕು, ಆ ಸರ್ವೆ ಮಾಡು, ಈ ಚುನಾವಣೆ ಪಟ್ಟಿ ಮಾಡು ಅನ್ನೋದರಲ್ಲಿ ಒಬ್ಬರ ಪಕ್ಕ ಕೂರೋಕೆ ಟೈಮ್ ಸಿಗಲ್ಲ.

ಇಲ್ಲಿ ಯಾರೂ ಹೇಳಿಲ್ಲ ಅಂತ ಹೇಳುತ್ತೇನೆ. ಮಾತೃಪೂರ್ಣ ಅಂತ ಒಂದು ಯೋಜನೆ 2017ರಲ್ಲಿ ಬಂತು, ಗರ್ಭಿಣಿ ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಊಟ ಮಾಡಬೇಕು, ಅನ್ನ ಸಾರು ಮೊಟ್ಟೆ ಹಾಲು ಚಿಕ್ಕಿ. ಊಟ ಚೆನ್ನಾಗಿಯೇ ಇತ್ತು. ಆದರೆ ಹಸಿ ಬಾಣಂತಿಯನ್ನು ಯಾವ ಮನೆಯವರು ಬಿಸಿಲಲ್ಲಿ ನಡೆಸಿ ಕಳಿಸುತ್ತಾರೆ ಹೇಳಿ? ಕ್ಯಾರಿಯರ್ ಹಿಡಿದು ಗಂಡನೋ ನಾದಿನಿಯೋ ಬರುತ್ತಿದ್ದರು. ಅವಳ ಮುಖ ನೋಡಬೇಕು ಅಂದರೆ ಕೊನೆಗೂ ನಾವೇ ಹೋಗಬೇಕಿತ್ತು.

ಕೆಆರ್ ಪುರಂ ಕಿರಣ

ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ ದುಡ್ಡು 5000 ಎಲ್ಲರಿಗೂ ಬರುತ್ತಾ? ನಾನು ಐಟಿ.

ನಿವೃತ್ತ ಟೀಚರ್

ಇಲ್ಲಪ್ಪ. ಮೊದಲ ಮಗುವಿಗೆ 3000 ಮತ್ತು 2000 ಎರಡು ಕಂತು, ಎರಡನೆಯದು ಹೆಣ್ಣಾದರೆ 6000. ಬಿಪಿಎಲ್ ಕಾರ್ಡ್, ವರ್ಷಕ್ಕೆ 8 ಲಕ್ಷದೊಳಗೆ ಆದಾಯ, ಹೀಗೆ ಯಾವುದಾದರೂ ಒಂದು ಷರತ್ತಿಗೆ ಸೇರಬೇಕು. ಕಂಪನಿಯಲ್ಲಿ ಸಂಬಳದ ಸಮೇತ 26 ವಾರ ಹೆರಿಗೆ ರಜೆ ಸಿಗುವವರಿಗೆ ಇಲ್ಲ. ಆದರೆ ಮನೆ ಭೇಟಿಗೆ ಈ ಲೆಕ್ಕ ಯಾವುದೂ ಇಲ್ಲ, ಎರಡನ್ನೂ ಕಲಸಬೇಡಿ.

ಏಳನೇ ತಿಂಗಳು

ಎಲ್ಲರ ಪೋಸ್ಟನ್ನೂ ಇವರಿಗೆ ಓದಿ ಹೇಳಿದೆ. ಶನಿವಾರ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಸಿಸ್ಟರ್ ಮೊದಲು "ನಿಮಗ್ಯಾಕೆ ಇದೆಲ್ಲ, ಪ್ರೈವೇಟ್ ಅಲ್ವಾ" ಅಂದರು. ಕೊಡಿ ಅಂದ ಮೇಲೆ ಕೊಟ್ಟರು, ಐರನ್ ಮಾತ್ರೆ ತಗೊಳ್ಳುತ್ತಿದ್ದೀರಾ ಅಂತ ಅವರೇ ಕೇಳಿದರು. ಆಶಾ ಅಕ್ಕನ ನಂಬರ್ ಸಿಕ್ಕಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರು ಇದುವರೆಗೆ ಒಂದು ಮನೆಯೊಳಗೂ ಹೋಗಿಲ್ಲವಂತೆ. 200ಕ್ಕೂ ಜಾಸ್ತಿ ಮನೆ ಇವೆ ಇಲ್ಲಿ.

ಗುಲಾಬಿ ಸೀರೆ

ಹೆರಿಗೆ ಆದ ದಿನವೇ ಅವರಿಗೆ ಒಂದು ಮೆಸೇಜ್ ಹಾಕಿ ಮೇಡಂ. ಖಾಸಗಿಯಲ್ಲಿ ಆದರೆ ನಮಗೆ ಸುದ್ದಿ ಬೇಗ ಬರಲ್ಲ. ಹಾಗೇ ಜನನ ನೋಂದಣಿ 21 ದಿನದೊಳಗೆ ಆಗಿದೆಯಾ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಏಳನೇ ತಿಂಗಳು

ಈ ಹೆಸರು ಬದಲಾಯಿಸಬೇಕು ಈಗ! ಹೆಣ್ಣು ಮಗು. ಸಿಸೇರಿಯನ್ ಆಯಿತು. ಇವತ್ತಿಗೆ ಒಂಬತ್ತು ದಿನ. ಒಂದು ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಐದನೇ ದಿನ ಮನೆಗೆ ಬಂದೆವು. ಏಳನೇ ದಿನ ಆಶಾ ಅಕ್ಕ ಬಂದರು. ಹುಟ್ಟಿದಾಗ 2.9 ಇದ್ದದ್ದು 2.7 ಆಗಿತ್ತು. ನರ್ಸಕ್ಕ ಮೊದಲೇ ಹೇಳಿಲ್ಲದಿದ್ದರೆ ಇವರು ಆವತ್ತೇ ಡಬ್ಬಿ ತರೋಕೆ ಓಡುತ್ತಿದ್ದರು. ಅಕ್ಕ ಹಾಲು ಕುಡಿಸಿ ತೋರಿಸಿ ಅಂದರು, ನೋಡಿದರು, ತೊಟ್ಟು ಮಾತ್ರ ಬಾಯಲ್ಲಿದೆ, ಸುತ್ತ ಇರುವ ಕಪ್ಪು ಭಾಗವೂ ಒಳಗೆ ಹೋಗಬೇಕು, ಅದಕ್ಕೇ ನಿಮಗೆ ಸೀಳಿರೋದು ಅಂದರು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿ ಹಿಡಿಸಿದರು. ಅಷ್ಟೇ. ಏಳು ದಿನದಿಂದ ಹಲ್ಲು ಕಚ್ಚಿಕೊಂಡು ಕುಡಿಸುತ್ತಿದ್ದೆ ನಾನು. ಯೂಟ್ಯೂಬಲ್ಲಿ ಎಷ್ಟು ವಿಡಿಯೋ ನೋಡಿದ್ದೆನೋ ಲೆಕ್ಕ ಇಲ್ಲ, ನಾನು ಹಿಡಿದಿರೋದು ತಪ್ಪು ಅಂತ ವಿಡಿಯೋಗೆ ಹೇಗೆ ಕಾಣಿಸಬೇಕು.

ಹೊರಡುವಾಗ ನಿನ್ನೆ ರಾತ್ರಿ ನೀವು ಏನು ಊಟ ಮಾಡಿದಿರಿ ಅಂದರು. ಯೋಚನೆ ಮಾಡಿದೆ. ಬ್ರೆಡ್. ಇವರ ಕಡೆ ಒಂದು ನೋಟ ನೋಡಿದರು ನೋಡಿ, ಅವತ್ತಿಂದ ಮನೆಯಲ್ಲಿ ದಿನಾ ಸಬ್ಬಸಿಗೆ ಸೊಪ್ಪಿನ ಪಲ್ಯ ಆಗುತ್ತಿದೆ. ಅಜ್ಜಿ, ಉಪ್ಪು ಜಾಸ್ತಿ ಇರುತ್ತೆ, ಆದರೂ ತಿನ್ನುತ್ತಿದ್ದೇನೆ.

ಗೇಟಿನ ಕಥೆ ಕೇಳಿ. ಗೇಟ್ ಆ್ಯಪಿನಲ್ಲಿ ಆಶಾ ಅಂತ ಹಾಕೋಕೆ ಜಾಗವೇ ಇಲ್ಲ. ಅತಿಥಿ, ಕ್ಯಾಬ್, ಮನೆಗೆಲಸ, ಡೆಲಿವರಿ ಇಷ್ಟೇ. ಗಾರ್ಡ್ ತುಂಬಾ ಯೋಚನೆ ಮಾಡಿ ಅವರನ್ನು ಡೆಲಿವರಿ ಅಂತ ಹಾಕಿ ಕಳಿಸಿದ್ದಾನೆ.

ದಾಸರಹಳ್ಳಿ ಅಮ್ಮ

ಅಯ್ಯೋ ಸರಿಯಾಗಿಯೇ ಹಾಕಿದ್ದಾನಲ್ಲ!! ಅಭಿನಂದನೆ ಕಣ್ರೀ.

ಜಯನಗರದ ಅಜ್ಜಿ

ಉಪ್ಪು ಕೊನೆಗೆ ಹಾಕೋಕೆ ಹೇಳು. ಸೊಪ್ಪು ಬೆಂದು ಇಷ್ಟೇ ಇಷ್ಟು ಆಗುತ್ತೆ, ಮೊದಲೇ ಹಾಕಿದರೆ ಅಳತೆ ತಪ್ಪುತ್ತೆ.

ಸಿ ಬ್ಲಾಕ್ ಕಾರ್ಯದರ್ಶಿ

ನಮ್ಮಲ್ಲಿ ಪತ್ರ ತರಿಸಿ ಗೇಟಿನಲ್ಲಿ ಅಂಟಿಸಿದ್ದೇನೆ. ಕಳೆದ ವಾರ ನಮ್ಮ ಏರಿಯಾದ ಆಶಾ ಎರಡು ಬ್ಲಾಕ್ ಮುಗಿಸಿದರು. ಏಳು ಮನೆಯಲ್ಲಿ ಕೂಸಿದೆ, ಮೂರು ಜನ ಗರ್ಭಿಣಿ. ನನಗೆ ಗೊತ್ತಿದ್ದದ್ದು ಇಬ್ಬರು. ಒಂದು ಮನೆಯವರು ಮಾತ್ರ ಬಾಗಿಲು ತೆಗೆಯದೇ ಗ್ರೂಪಿನಲ್ಲಿ ಕಂಪ್ಲೇಂಟ್ ಹಾಕಿದ್ದಾರೆ.

ಗುಲಾಬಿ ಸೀರೆ

ಮೇಡಂ, 14ನೇ ದಿನದ ತೂಕ ಎಷ್ಟು ಬಂತು ಇಲ್ಲಿ ಹಾಕಿ. ನಮ್ಮ ಏರಿಯಾ ಅಲ್ಲದಿದ್ದರೂ ಕೇಳಬೇಕು ಅನ್ನಿಸುತ್ತಿದೆ.

ಏಳನೇ ತಿಂಗಳು

2.95.